ಅರ್ಧಕ್ಕೆ ಕೊಡಿ

ಚೌಕಾಶಿ ಇಲ್ಲದೆ ಕೊಂಡದ್ದು ನಮ್ಮ ಮುಂಬಯಿಯವರಿಗೆ ದಕ್ಕೋದಿಲ್ಲ. ಸೈಪ್ರಸ್ ದ್ವೀಪಕ್ಕೆ ಹೋದಾಗಲೂ ಆ ಚಾಳಿ ನನ್ನ ಜತೆಗೇ ಬಂತು.

ಲೆಫ್ಕಾರಾ ಬೆಟ್ಟದ ಮೇಲಿನ ಸಣ್ಣ ಊರು. ಓಣಿಯಲ್ಲಿ ಒಬ್ಬ ಅಜ್ಜಿ ಕುರ್ಚಿ ಹಾಕಿಕೊಂಡು ಲಿನನ್ ಬಟ್ಟೆಗೆ ಕಸೂತಿ ಹಾಕುತ್ತಿದ್ದರು. ಎಳೆ ಎಣಿಸಿ, ಕತ್ತರಿಸಿ ತೆಗೆದು, ಉಳಿದದ್ದನ್ನು ಸೂಜಿಯಲ್ಲಿ ಹೆಣೆಯಬೇಕು. 2009ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಕಲೆ.

ಅಂಗೈಯಗಲದ ತುಂಡಿನ ಬೆಲೆ ಕೇಳಿ, “ಅರ್ಧಕ್ಕೆ ಕೊಡಿ” ಎಂದು ಸನ್ನೆ ಮಾಡಿದೆ. ಅಜ್ಜಿ ಸಿಟ್ಟಾಗಲಿಲ್ಲ; ಸೂಜಿಯನ್ನು ನನ್ನ ಕೈಗೆ ಕೊಟ್ಟರು. ಹತ್ತು ನಿಮಿಷ ಒದ್ದಾಡಿದೆ. ಒಂದು ಹೊಲಿಗೆಯೂ ನೆಟ್ಟಗೆ ಬೀಳಲಿಲ್ಲ. ಪೂರ್ತಿ ಬೆಲೆ ಕೊಡೋಣವೆಂದರೆ ಜೇಬಿನಲ್ಲಿ ಅಷ್ಟು ದುಡ್ಡಿರಲಿಲ್ಲ. ಪುದೀನ ಸೇರಿಸಿ ಮಡಿಚಿದ ಹಲೂಮಿ ಚೀಸು ಮಾತ್ರ ಕೊಂಡು ಬಂದೆ.

ಈಗ ದಾದರಿನ ಫುಟ್‌ಪಾತಿನಲ್ಲಿ ಕೈಕೆಲಸದವರ ಮುಂದೆ ನಿಂತರೆ “ಅರ್ಧಕ್ಕೆ” ಅನ್ನೋ ಮಾತು ಬಾಯಿಗೆ ಬರೋದಿಲ್ಲ.