ಮೇಷ್ಟ್ರು ಕೊಟ್ಟ ಸಲಹೆ

ಹಳ್ಳಿಯ ಪ್ರೌಢಶಾಲೆಯಲ್ಲಿ ಮೂವತ್ತಮೂರು ವರ್ಷ ಪಾಠ ಹೇಳಿದವನಿಗೆ ನಿವೃತ್ತಿಯ ನಂತರವೂ ಒಂದು ಉದ್ಯೋಗ ಉಳಿದುಬಿಡುತ್ತದೆ. ಅದು ಸಲಹೆ ಕೊಡುವ ಉದ್ಯೋಗ. ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳ ಅಂಕಪಟ್ಟಿ ಹಿಡಿದು ಬರುತ್ತಾರೆ, "ಏನು ಓದಿಸಲಿ ಸಾರ್?" ಎನ್ನುತ್ತಾರೆ. ನಾವೂ ಕನ್ನಡಕ ಏರಿಸಿ, ಅಂಕಪಟ್ಟಿಯನ್ನು ದೂರ ಹಿಡಿದು ನೋಡಿ, ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಒಂದೇ ದನಿಯಲ್ಲಿ ಹೇಳಿ ಕಳಿಸುತ್ತೇವೆ. ಹಾಗೆ ನಾನು ಕೊಟ್ಟ ಒಂದು ಸಲಹೆಯ ವಿಚಾರವನ್ನು ಇಂದು ಬರೆಯಬೇಕೆನಿಸಿದೆ.

2018ರ ಬೇಸಿಗೆಯಲ್ಲಿ ನನ್ನ ಶಿಷ್ಯನೊಬ್ಬ ಮನೆಗೆ ಬಂದ. ಸಾಗರದ ಕಡೆಯ ಸಣ್ಣ ಅಡಿಕೆ ಬೆಳೆಗಾರ. ಹಿರಿಯ ಮಗಳು ಪಿಯುಸಿ ಮುಗಿಸಿದ್ದಳು, ನರ್ಸಿಂಗ್ ಓದುವ ಹಂಬಲ ಅವಳದು. (ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಅವಳ ಕಾಗದಪತ್ರಗಳು ಇನ್ನೂ ಕಚೇರಿಗಳಲ್ಲಿ ಕುಳಿತಿವೆ.) ಬೆಂಗಳೂರಿನಲ್ಲಿ ಬಿ.ಎಸ್‌ಸಿ. ನರ್ಸಿಂಗಿಗೆ ಸೇರಿಸುವುದೋ, ಸಾಲ ಮಾಡಿ ನೇರವಾಗಿ ಅಮೆರಿಕಕ್ಕೇ ಕಳಿಸುವುದೋ ಎಂಬುದು ಅವನ ಪ್ರಶ್ನೆ. ನಾನು ಕ್ಷಣವೂ ತಡೆಯದೆ ಹೇಳಿದೆ: "ಅಲ್ಲೇ ಓದಿದರೆ ಅಲ್ಲಿ ಬೆಲೆ ಜಾಸ್ತಿ ಕಣೋ. ನರ್ಸುಗಳು ಬೇಕು ಅಂತ ಆ ದೇಶವೇ ಕೂಗುತ್ತಿದೆ. ಓದು ಮುಗಿಯುವುದರೊಳಗೆ ಕೆಲಸ ಮನೆ ಬಾಗಿಲಿಗೆ ಬರುತ್ತದೆ."

ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತು? ನನ್ನ ಮಗ ಷಿಕಾಗೊ ಬಳಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅಲ್ಲಿ ಎಂ.ಎಸ್. ಓದಿ, ಕೆಲಸ ಹಿಡಿದು, ಎಚ್-1ಬಿ ವೀಸಾ ಪಡೆದು ನೆಲೆ ನಿಂತದ್ದನ್ನು ಕಂಡವನು ನಾನು. ಎಲ್ಲ ವಿದ್ಯೆಗೂ ಅದೇ ಹೆದ್ದಾರಿಯೆಂದು ನಂಬಿದ್ದೆ. ನರ್ಸುಗಳು ಬೇಕೆಂಬುದೇನೋ ಸುಳ್ಳಲ್ಲ. 2022ರಿಂದ 2032ರವರೆಗೆ ವರ್ಷಕ್ಕೆ ಸುಮಾರು 1,93,000 ನರ್ಸ್ ಹುದ್ದೆಗಳು ತೆರವಾಗುವುವೆಂದು ಅಲ್ಲಿನ ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯೇ ಅಂದಾಜು ಮಾಡಿತ್ತು. ಆದರೆ ಹುದ್ದೆ ಖಾಲಿಯಿರುವುದು ಬೇರೆ, ಅದಕ್ಕೆ ಹೋಗುವ ಬಾಗಿಲು ತೆರೆದಿರುವುದು ಬೇರೆ.

ಒಂದು ವರ್ಷ ಇಂಗ್ಲಿಷ್ ಪರೀಕ್ಷೆ, ಅರ್ಜಿ, ಓಡಾಟ. ತೋಟದ ಪತ್ರ ಬ್ಯಾಂಕಿಗೆ ಹೋಯಿತು. 2019ರ ಆಗಸ್ಟಿನಲ್ಲಿ ಹುಡುಗಿ ಎಫ್-1 ಎಂಬ ವಿದ್ಯಾರ್ಥಿ ವೀಸಾ ಪಡೆದು ವಿಮಾನ ಹತ್ತಿದಳು. ಅವಳ ಕಾಲೇಜು ನನ್ನ ಮಗನ ಮನೆಯಿಂದ ಎರಡು ಗಂಟೆಯ ದಾರಿ.

ವಿದೇಶಿ ವಿದ್ಯಾರ್ಥಿಗೆ ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ, ಅದೂ ಕಾಲೇಜಿನ ಆವರಣದೊಳಗೆ ಮಾತ್ರ, ದುಡಿಯಲು ಅನುಮತಿ. ಇವಳು ಕಾಲೇಜಿನ ಊಟದ ಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ ಹಿಡಿದಳು. ಜೊತೆಯಲ್ಲಿ ಓದುತ್ತಿದ್ದ ಅಮೆರಿಕದ ಹುಡುಗಿಯರು ಊರಿನ ಆಸ್ಪತ್ರೆ, ವೃದ್ಧರ ಆರೈಕೆ ಕೇಂದ್ರಗಳಲ್ಲಿ ಸಹಾಯಕಿಯರಾಗಿ ಸಂಬಳಕ್ಕೆ ದುಡಿಯುತ್ತಿದ್ದರು; ರೋಗಿಯ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ರಕ್ತದೊತ್ತಡ ಬರೆದುಕೊಳ್ಳುವುದು ಅವರಿಗೆ ಎರಡನೆಯ ವರ್ಷಕ್ಕೇ ಕರಗತ. ಓದು ಮುಗಿದಾಗ ಆ ಆಸ್ಪತ್ರೆಗಳೇ ಅವರನ್ನು ಕರೆದುಕೊಂಡವು. ಇವಳೂ ಅದೇ ಆಸ್ಪತ್ರೆಗಳಿಗೆ ಹೋಗುತ್ತಿದ್ದಳು, ಪಠ್ಯದ ಭಾಗವಾಗಿ, ಬೋಧಕಿಯ ಹಿಂದೆ, ಸಂಬಳವಿಲ್ಲದೆ. ಮಾಡುವ ಕೆಲಸ ಒಂದೇ. ಆದರೆ ಕಾನೂನಿನ ಕಣ್ಣಿಗೆ ಒಬ್ಬಳದು ಉದ್ಯೋಗ, ಇನ್ನೊಬ್ಬಳದು ಪಾಠ.

2020ರ ಮಾರ್ಚಿನಲ್ಲಿ ಕೊರೋನಾ ಬಂದು ಕಾಲೇಜು ಮುಚ್ಚಿತು. ತಟ್ಟೆಗಳೂ ಇಲ್ಲವಾದವು. ಆ ವರ್ಷದ ಜುಲೈ 6ರಂದು, ಪಾಠವೆಲ್ಲ ಆನ್‌ಲೈನ್ ಆಗಿರುವ ವಿದೇಶಿ ವಿದ್ಯಾರ್ಥಿಗಳು ದೇಶದಲ್ಲಿ ಉಳಿಯುವಂತಿಲ್ಲವೆಂದು ಪ್ರಕಟಣೆ ಹೊರಟಿತು. ಹಾರ್ವರ್ಡ್, ಎಂಐಟಿ ವಿಶ್ವವಿದ್ಯಾಲಯಗಳು ನ್ಯಾಯಾಲಯಕ್ಕೆ ಹೋದ ಮೇಲೆ 14ರಂದು ಅದು ರದ್ದಾಯಿತು. ನಡುವಿನ ಎಂಟು ದಿನ ಅವಳ ತಾಯಿ ಅನ್ನ ಮುಟ್ಟಲಿಲ್ಲವೆಂದು ಶಿಷ್ಯ ಹೇಳಿದ್ದ. ನಾನು ಆಗಲೂ ಫೋನಿನಲ್ಲಿ, "ಎಲ್ಲ ಸರಿಹೋಗುತ್ತದೆ" ಎಂದೇ ಹೇಳಿದೆ. ಮೇಷ್ಟ್ರ ಬಾಯಿ ನೋಡಿ.

2023ರ ಮೇ ತಿಂಗಳಲ್ಲಿ ಪದವಿ ಬಂತು. ಆ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಮಗನ ಮನೆಯಲ್ಲಿದ್ದೆವು. ಆಗಸ್ಟ್ 30ರಂದು ಮಗ ನಮ್ಮನ್ನು ಅವಳ ಊರಿಗೆ ಕರೆದೊಯ್ದ. ನೇಪಾಳದ ಸಹಪಾಠಿಯೊಬ್ಬಳೊಂದಿಗೆ ಹಂಚಿಕೊಂಡ ಸಣ್ಣ ಮನೆ. ಚಹಾ ಕೊಟ್ಟಳು, ನಾವು ತಂದ ತೊಡೆದೇವನ್ನು ಕಣ್ಣಿಗೊತ್ತಿಕೊಂಡಳು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಜುಲೈ 1ರಿಂದ ಪ್ರತಿದಿನಕ್ಕೂ ಕೆಂಪು ಗೀಟು ಎಳೆದಿತ್ತು.

"ಇದೇನು ಪುಟ್ಟಿ, ವ್ರತವೇ?" ಎಂದೆ.

"ಹೌದಜ್ಜ, ತೊಂಬತ್ತು ದಿನದ ವ್ರತ. ಇವತ್ತು ಅರವತ್ತೊಂದು," ಎಂದು ನಕ್ಕಳು. ನನ್ನಾಕೆಯೂ ನಕ್ಕಳು. ಅರ್ಥವಾದ ಮೇಲೆ ನಮಗಿಬ್ಬರಿಗೂ ನಗು ಬರಲಿಲ್ಲ.

ಪದವಿ ಮುಗಿಸಿದ ವಿದೇಶಿ ವಿದ್ಯಾರ್ಥಿಗೆ ಓಪಿಟಿ ಎಂಬ ಹೆಸರಿನಲ್ಲಿ 12 ತಿಂಗಳು, ತಾನು ಓದಿದ ವಿಷಯದಲ್ಲಿಯೇ ದುಡಿಯಲು ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ. ಅಂಗರಚನಾಶಾಸ್ತ್ರ, ಔಷಧಶಾಸ್ತ್ರ ಎಲ್ಲ ಓದಿದ ನರ್ಸಿಂಗ್ ಪದವೀಧರೆ ಆ ಪಟ್ಟಿಯಲ್ಲಿಲ್ಲ. ಮೇಲಾಗಿ ಆ 12 ತಿಂಗಳ ಗಡಿಯಾರ ಶುರುವಾದ ಮೇಲೆ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿರುವಂತಿಲ್ಲ. ಇದ್ದರೆ ವೀಸಾದ ಆಸರೆಯೇ ಹೋಯಿತು. ಎಂಜಿನಿಯರಿಗಾದರೆ ಪದವಿ ಕೈಗೆ ಬಂದ ಮರುದಿನವೇ ಕೆಲಸ ಮಾಡಬಹುದು. ನರ್ಸಿಗೆ ಮೊದಲು ಪರವಾನಗಿ ಬೇಕು. ಕಾಲೇಜು ಅಂಕಪಟ್ಟಿಯನ್ನು ರಾಜ್ಯದ ನರ್ಸಿಂಗ್ ಮಂಡಳಿಗೆ ಕಳಿಸಬೇಕು, ಮಂಡಳಿ ಒಪ್ಪಬೇಕು, ಎನ್‌ಕ್ಲೆಕ್ಸ್ ಎಂಬ ಪರೀಕ್ಷೆಗೆ ದಿನ ಸಿಗಬೇಕು, ತೇರ್ಗಡೆಯಾಗಬೇಕು, ಪರವಾನಗಿ ಸಂಖ್ಯೆ ಬರಬೇಕು. ಇಷ್ಟಾಗುವವರೆಗೆ ಗಡಿಯಾರ ಕಾಯುವುದಿಲ್ಲ.

ಪರವಾನಗಿಯ ಅರ್ಜಿಗೆ ಹಲವು ರಾಜ್ಯಗಳಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕೇಳುತ್ತಾರೆ. ವಿದೇಶಿ ವಿದ್ಯಾರ್ಥಿಗೆ ಆ ಸಂಖ್ಯೆ ಸಿಗುವುದು ಕೆಲಸವಿದ್ದರೆ, ಅಥವಾ ಕೆಲಸದ ಅನುಮತಿ ಪತ್ರ ಬಂದರೆ ಮಾತ್ರ. ಇವಳಿಗೆ ತಟ್ಟೆ ತೊಳೆದ ಪುಣ್ಯಕ್ಕೆ ಮೊದಲ ವರ್ಷವೇ ಸಂಖ್ಯೆ ಸಿಕ್ಕಿತ್ತು. ನೇಪಾಳದ ಹುಡುಗಿ ಎಂದೂ ದುಡಿದಿರಲಿಲ್ಲ, ತರಗತಿಯಲ್ಲಿ ಇವಳಿಗಿಂತ ಮುಂದು; ಅವಳು ಅನುಮತಿ ಪತ್ರಕ್ಕೆ ಕಾದು, ಆಮೇಲೆ ಸಂಖ್ಯೆಗೆ ಕಾದು, ಆಮೇಲೆ ಪರವಾನಗಿಗೆ ಅರ್ಜಿ ಹಾಕಿ ಹಿಂದುಳಿದಿದ್ದಳು.

ನಾವು ಹೋದಾಗ ಇವಳ ಕೈಗೆ ಪರವಾನಗಿ ಬಂದು ಎರಡು ವಾರವಾಗಿತ್ತು. ಆಸ್ಪತ್ರೆಗಳು ಹೊಸಬರ ತಂಡವನ್ನು ಬೇಸಿಗೆಯಲ್ಲೇ ತೆಗೆದುಕೊಂಡು ಮುಗಿಸಿದ್ದವು. ಲ್ಯಾಪ್‌ಟಾಪ್ ತೆರೆದು ಒಂದು ಅರ್ಜಿ ತೋರಿಸಿದಳು. ಹೆಸರು, ಓದು, ಅನುಭವ ಎಲ್ಲ ಆದ ಮೇಲೆ ಒಂದು ಪ್ರಶ್ನೆ: ಈಗಲಾಗಲಿ ಮುಂದಾಗಲಿ ನಿಮ್ಮ ವೀಸಾಕ್ಕೆ ನಮ್ಮ ಪ್ರಾಯೋಜನೆ ಬೇಕಾಗುತ್ತದೆಯೇ? "ಹೌದು ಅಂತ ಒತ್ತಿದ ಮೇಲೆ ಸಂಜೆಯೊಳಗೆ ಇಲ್ಲ ಅನ್ನುವ ಉತ್ತರ ಬರುತ್ತದೆ ಅಜ್ಜ. ಇಲ್ಲ ಅಂತ ಒತ್ತಿದರೆ ಸುಳ್ಳಾಗುತ್ತದೆ." ಐವತ್ತಕ್ಕೂ ಹೆಚ್ಚು ಅರ್ಜಿಗಳಲ್ಲಿ ಅವಳು 'ಹೌದು' ಎಂದೇ ಒತ್ತಿದ್ದಳು. ನನಗೆ ಹೆಮ್ಮೆಯಾಯಿತೆಂದು ಹೇಳಲೇ? ಆಗ ಆದದ್ದು ಹೆದರಿಕೆ.

ಸೆಪ್ಟೆಂಬರ್ 18ರಂದು, 79 ಗೀಟುಗಳಾದ ಮೇಲೆ, ಒಂದು ಸಣ್ಣ ಊರಿನ ಆಸ್ಪತ್ರೆ ಅವಳನ್ನು ತೆಗೆದುಕೊಂಡಿತು. ವಾರಕ್ಕೆ ಮೂರು ರಾತ್ರಿ, ಹನ್ನೆರಡು ಹನ್ನೆರಡು ಗಂಟೆ. 2024ರ ಜೂನ್ 30ಕ್ಕೆ ಅನುಮತಿ ಮುಗಿಯಿತು. ನಾಲ್ಕು ವರ್ಷದ ಓದಿಗೆ ಒಂಬತ್ತೂವರೆ ತಿಂಗಳ ಕೆಲಸ.

ಎಚ್-1ಬಿ ಏಕಿಲ್ಲವೆಂದು ಮಗನನ್ನು ಕೇಳಿದ್ದೆ. ಆ ವೀಸಾ, ಕನಿಷ್ಠ ನಾಲ್ಕು ವರ್ಷದ ಪದವಿಯಿಲ್ಲದೆ ಮಾಡಲಾಗದ ಹುದ್ದೆಗೆ ಮಾತ್ರ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಎರಡು ವರ್ಷದ ಓದಿನವರೂ ಅದೇ ಎನ್‌ಕ್ಲೆಕ್ಸ್ ಬರೆದು ರಿಜಿಸ್ಟರ್ಡ್ ನರ್ಸ್ ಆಗಬಹುದು. ಆದ್ದರಿಂದ ವಾರ್ಡಿನಲ್ಲಿ ದುಡಿಯುವ ನರ್ಸಿಗೆ ಅದು ಸಾಮಾನ್ಯವಾಗಿ ಸಿಗದು. ನರ್ಸುಗಳಿಗೆಂದೇ ಪ್ರತ್ಯೇಕ ವೀಸಾ ಹಿಂದೆ ಇತ್ತು. 1989ರ ಕಾಯ್ದೆ ತಂದ ಎಚ್-1ಎ 1995ರಲ್ಲಿ ಮುಗಿಯಿತು. 1999ರ ಕಾಯ್ದೆ ವರ್ಷಕ್ಕೆ 500 ಎಂದು ಚಮಚದಲ್ಲಿ ಅಳೆದು ಕೊಟ್ಟ ಎಚ್-1ಸಿ 2009ರ ಡಿಸೆಂಬರಿಗೆ ಕೊನೆಗೊಂಡಿತು.

ಉಳಿದದ್ದು ಗ್ರೀನ್ ಕಾರ್ಡ್. ವಿಚಿತ್ರವೆಂದರೆ, ನರ್ಸುಗಳ ಕೊರತೆಯನ್ನು ಆ ಸರ್ಕಾರ ಕಾನೂನಿನಲ್ಲೇ ಒಪ್ಪಿಕೊಂಡಿದೆ. ಬೇರೆ ಕೆಲಸಕ್ಕಾದರೆ ಅಮೆರಿಕದವರು ಯಾರೂ ಸಿಗಲಿಲ್ಲವೆಂದು ಮಾಲೀಕನು ರುಜುವಾತು ಮಾಡಬೇಕು. ನರ್ಸಿನ ವಿಷಯದಲ್ಲಿ ಆ ಪರೀಕ್ಷೆಯೇ ಇಲ್ಲ. ಹಾಗೆಂದು ಕಾರ್ಡ್ ಬಂದೀತೆ? ಉದ್ಯೋಗದ ಮೇಲಿನ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ. ಭಾರತವೂ ನೇಪಾಳವೂ ಒಂದೇ ಅಳತೆ. 2024ರ ಆ ಬೇಸಿಗೆಯಲ್ಲಿ ಅವಳ ದರ್ಜೆಯ ಭಾರತೀಯರ ಸಾಲು 2012ರಲ್ಲಿ ಅರ್ಜಿ ಹಾಕಿದವರ ಬಳಿ ತೆವಳುತ್ತಿತ್ತು. 2012ರಲ್ಲಿ ಈ ಹುಡುಗಿ ಏಳನೆಯ ತರಗತಿ. ನೇಪಾಳದವಳ ಸಾಲಿನಲ್ಲಿ ಕಾಯುವಿಕೆ ಎರಡು ಮೂರು ವರ್ಷದ ಮಾತು. ಒಂದೇ ಮನೆ, ಒಂದೇ ತರಗತಿ, ಒಂದೇ ಪರೀಕ್ಷೆ.

ನನ್ನನ್ನು ಇರಿದ ಸಂಗತಿ ಇದಕ್ಕಿಂತ ಸಣ್ಣದು. ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಬೆಂಗಳೂರಿನಲ್ಲಿ ಓದಿ, ಅಲ್ಲಿಯೇ ಪರೀಕ್ಷೆ ಬರೆದು, ಅಲ್ಲಿಂದಲೇ ಅರ್ಜಿ ಹಾಕಿದ ಹುಡುಗಿ ಕೂಡ ಇದೇ ಸಾಲಿನಲ್ಲಿ ನಿಲ್ಲುತ್ತಾಳೆ. ಸಾಲು ಕೇಳುವುದು ಹುಟ್ಟಿದ ದೇಶವನ್ನು, ಓದಿದ ದೇಶವನ್ನಲ್ಲ. ಕೊನೆಯ ಹಂತದಲ್ಲಿ ವಿದೇಶಿ ನರ್ಸುಗಳ ವಿದ್ಯಾರ್ಹತೆ ಪರಿಶೀಲಿಸುವ ವೀಸಾಸ್ಕ್ರೀನ್ ಎಂಬ ಪ್ರಮಾಣಪತ್ರವನ್ನು ಅಮೆರಿಕದಲ್ಲೇ ಓದಿದವಳೂ ತರಬೇಕು. "ಅಲ್ಲೇ ಓದಿದರೆ ಅಲ್ಲಿ ಬೆಲೆ ಜಾಸ್ತಿ" ಎಂದಿದ್ದವನು ನಾನು. ಆ ಮಾತಿನ ಮೇಲೆ ಒಂದು ತೋಟ ಅಡವಿದೆ.

ಆಸ್ಪತ್ರೆ ಅರ್ಜಿ ಹಾಕಿತು. ಸಾಲಿನಲ್ಲಿ ಅವಳ ಹೆಸರು ನಿಂತಿತು. ಅಷ್ಟರವರೆಗೆ ದೇಶದಲ್ಲಿರಲು ಅವಳಿಗೆ ಇದ್ದ ದಾರಿ ಮತ್ತೆ ವಿದ್ಯಾರ್ಥಿನಿಯಾಗುವುದು. 2024ರ ಆಗಸ್ಟಿನಲ್ಲಿ ಸ್ನಾತಕೋತ್ತರ ಪದವಿಗೆ, ನರ್ಸ್ ಪ್ರಾಕ್ಟಿಷನರ್ ಆಗುವ ಓದಿಗೆ, ಸೇರಿದಳು. ಆ ಹುದ್ದೆಗೆ ಎಚ್-1ಬಿ ಸಿಗಬಹುದೆಂಬ ಆಸೆ. ಮತ್ತೆ ಶುಲ್ಕ, ಮತ್ತೆ 20 ಗಂಟೆಯ ನಿಯಮ. ಪರವಾನಗಿ ಪಡೆದ ನರ್ಸ್ ಈಗ ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತಾಳೆ. ಬಸ್ ನಿಲ್ದಾಣದಲ್ಲಿ "ನರ್ಸುಗಳು ಬೇಕಾಗಿದ್ದಾರೆ" ಎಂಬ ಫಲಕವಿದೆಯಂತೆ, ಅವಳು ದಿನವೂ ಅದರ ಕೆಳಗೇ ಬಸ್ಸಿಗೆ ಕಾಯುವುದು.

ಆ ಹೊತ್ತಿಗೆ ಅವಳ ಪಾಸ್‌ಪೋರ್ಟಿನ ಐದು ವರ್ಷದ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಓದುತ್ತಿರುವವರೆಗೆ ಅಲ್ಲಿ ಇರಲು ಅಡ್ಡಿಯಿಲ್ಲ. ಹೊರಗೆ ಬಂದರೆ ಒಳಗೆ ಹೋಗಲು ಹೊಸ ಮುದ್ರೆ ಬೇಕು. ವಿದ್ಯಾರ್ಥಿ ವೀಸಾ ಕೇಳುವವರು ಓದಿ ಹಿಂದಿರುಗುವೆನೆಂದು ಅಧಿಕಾರಿಯನ್ನು ಒಪ್ಪಿಸಬೇಕು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವಳು ಹಾಗೆ ಹೇಳಿದರೆ ಯಾರು ನಂಬುತ್ತಾರೆ?

2025ರ ಮೇ ತಿಂಗಳಲ್ಲಿ ಅವಳ ಅಜ್ಜಿ ಹಾಸಿಗೆ ಹಿಡಿದರು. ಇವಳನ್ನು ಎತ್ತಿ ಆಡಿಸಿ ಬೆಳೆಸಿದವರು. ಬಂದುಹೋಗುವ ಲೆಕ್ಕ ಹಾಕುತ್ತಿರುವಾಗಲೇ, ಮೇ 27ರಂದು, ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ದಿನ ಕೊಡುವುದನ್ನೇ ಅಮೆರಿಕ ನಿಲ್ಲಿಸಿತು. ಬೆಂಗಳೂರಿನಲ್ಲಿ ಆ ವರ್ಷದ ಜನವರಿಯಲ್ಲಿ ದೂತಾವಾಸದ ಉದ್ಘಾಟನೆಯಾಗಿತ್ತಾದರೂ ವೀಸಾ ಕೆಲಸ ಅಲ್ಲಿ ಇನ್ನೂ ಆರಂಭವಾಗಿರಲಿಲ್ಲ. ಚೆನ್ನೈಗೇ ಹೋಗಬೇಕು, ಅಲ್ಲಿ ದಿನವಿಲ್ಲ. ಕಾಲೇಜಿನವರು ಈಗ ದೇಶ ಬಿಡಬೇಡವೆಂದು ಬುದ್ಧಿ ಹೇಳಿದರು.

ಒಂದು ಸಂಜೆ ನಾನು ಅಜ್ಜಿಯನ್ನು ನೋಡಲು ಹೋಗಿದ್ದೆ. ಹುಡುಗಿ ವಿಡಿಯೋ ಕರೆಯಲ್ಲಿದ್ದಳು. ತಾಯಿಯ ಎರಡೂ ಕೈಗೆ ಕೆಲಸವಿದ್ದುದರಿಂದ ಫೋನನ್ನು ನಾನು ಹಿಡಿದೆ. "ಅಜ್ಜ, ಇನ್ನೂ ಸ್ವಲ್ಪ ಕೆಳಗೆ ತೋರಿಸಿ, ಸೊಂಟದ ಹತ್ತಿರ. ಅಮ್ಮ, ಅಲ್ಲಿ ಕೆಂಪಾಗಿದೆ ನೋಡು. ಉಜ್ಜಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು. ಮಂಡಿಗಳ ನಡುವೆ ದಿಂಬು ಇಡು. ಎಳೆಯಬೇಡ, ಹೊದಿಕೆ ಸಮೇತ ಎತ್ತಿ ಸರಿಸು." ದನಿ ಸ್ವಲ್ಪವೂ ನಡುಗಲಿಲ್ಲ. ನಡುಗಿದ್ದು ಫೋನು ಹಿಡಿದ ನನ್ನ ಕೈ. "ಅಜ್ಜ, ಗಟ್ಟಿ ಹಿಡಿಯಿರಿ, ಕಾಣಿಸುತ್ತಿಲ್ಲ," ಎಂದಳು. ಜೂನ್ ಮೊದಲ ವಾರದಲ್ಲಿ ಅಜ್ಜಿ ತೀರಿಕೊಂಡರು. ಮೈಮೇಲೆ ಒಂದು ಹಾಸಿಗೆ ಹುಣ್ಣೂ ಇರಲಿಲ್ಲ. ಸಂದರ್ಶನಗಳು ಪುನಃ ಆರಂಭವಾಗುವುವೆಂಬ ಪ್ರಕಟಣೆ ಬಂದದ್ದು ಜೂನ್ 18ರಂದು.

ವೈಕುಂಠ ಸಮಾರಾಧನೆಯ ಮರುದಿನ ಶಿಷ್ಯ ಪ್ರಸಾದ ಹಿಡಿದು ಮನೆಗೆ ಬಂದ. ಈ ಏಳು ವರ್ಷಗಳಲ್ಲಿ ಅವನು ಒಮ್ಮೆಯೂ "ನೀವು ಹೇಳಿದ್ದಿರಿ" ಎಂದವನಲ್ಲ. ಆ ದಿನವೂ ಮಳೆ, ಕೊಳೆರೋಗ, ಬೋರ್ಡೊ ದ್ರಾವಣದ ಮಾತು ಮುಗಿಸಿ, ಚೀಲದಿಂದ ಒಂದು ಅಂಕಪಟ್ಟಿ ತೆಗೆದ. ಎರಡನೆಯ ಮಗಳದು. ಪಿಯುಸಿ ಮುಗಿಸಿದ್ದಳು.

"ಇವಳಿಗೆ ಏನು ಓದಿಸಲಿ ಸಾರ್?"

ಅಂಕಪಟ್ಟಿಯನ್ನು ನಾನು ಕೈಗೆ ತೆಗೆದುಕೊಳ್ಳಲಿಲ್ಲ. ಮೊದಲು ಅವಳನ್ನೇ ಕೇಳು, ಆಮೇಲೆ ಅವಳ ಅಕ್ಕನಿಗೆ ಫೋನು ಮಾಡು ಎಂದೆ. ಅಲ್ಲಿ ಆಗ ರಾತ್ರಿ ಎರಡು ಗಂಟೆ. ಸಂಜೆ ಅವಳು ಗ್ರಂಥಾಲಯಕ್ಕೆ ಹೊರಡುವ ಮುಂಚೆ ಮಾಡುತ್ತೇನೆಂದು ಹೇಳಿ, ಕೊಡೆ ಬಿಡಿಸಿಕೊಂಡು ಹೋದ.