ಮ್ಯಾಪ್ ಹೇಳಿದ್ದು ಎರಡೂವರೆ, ಅಪ್ಪ ಹೇಳಿದ್ದು ನಾಲ್ಕು

ಇಟಲಿಯಲ್ಲಿ ಕಾರು ಓಡಿಸಬೇಕು ಅನ್ನೋದು ನನ್ನ ಮತ್ತು ಹೆಂಡತಿಯ ಹಳೆಯ ಆಸೆ. ಕಳೆದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಅದು ಕೈಗೂಡಿತು. ಆದರೆ ಹೊರಟಿದ್ದು ಇಬ್ಬರಲ್ಲ, ನಾಲ್ವರು. ಅಪ್ಪ, ಅಮ್ಮನೂ ಬಂದರು. ಅಪ್ಪನಿಗೆ 66 ವರ್ಷ, ಶುಗರ್ ಇದೆ, ಊಟಕ್ಕೆ ಮುಂಚೆ ಇನ್ಸುಲಿನ್ ತಗೋಬೇಕು. ಅಮ್ಮನಿಗೆ ಮಂಡಿನೋವು. "ಇವರನ್ನೆಲ್ಲ ಕಟ್ಕೊಂಡು ರೋಡ್ ಟ್ರಿಪ್ಪಾ?" ಅಂತ ಆಫೀಸಿನಲ್ಲಿ ಕೇಳಿದವರೇ ಹೆಚ್ಚು. ಡಾಕ್ಟರ್ ಮಾತ್ರ ಹೋಗಿಬನ್ನಿ ಅಂದರು. ಒಂದೇ ಷರತ್ತು: ಊಟದ ಹೊತ್ತು ತಪ್ಪಬಾರದು.

ನಾನು ಸಾಫ್ಟ್‌ವೇರ್‌ನವನು. ಯಾವ ಕೆಲಸಕ್ಕೆ ಎಷ್ಟು ದಿನ ಅಂತ ಅಂದಾಜು ಕೊಡೋದೇ ನನ್ನ ಹೊಟ್ಟೆಪಾಡು. ಒಂದು ಶನಿವಾರ ಎಕ್ಸೆಲ್ ಶೀಟ್ ತೆರೆದು ಊರು, ಕಿಲೋಮೀಟರ್, ಮ್ಯಾಪ್ ತೋರಿಸುವ ಸಮಯ ಎಲ್ಲ ತುಂಬಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. ಅವರು 31 ವರ್ಷ ಬಸ್ ಓಡಿಸಿದವರು, ಅದರಲ್ಲಿ ಬಹುಪಾಲು ಹಾಸನ-ಮಂಗಳೂರು ರೂಟು. ಕೇಳಿದ ಮೊದಲ ಪ್ರಶ್ನೆ: "ಇದ್ರಲ್ಲಿ ಘಾಟಿ ಎಲ್ಲಿದೆ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. "ಸಕಲೇಶಪುರದವರೆಗೆ ಒಂದು ಲೆಕ್ಕ ಕಣೋ, ಶಿರಾಡಿ ಇಳಿಯೋಕೆ ಇನ್ನೊಂದು ಲೆಕ್ಕ. ಎರಡನ್ನೂ ಕೂಡಿಸಿ ಸರಾಸರಿ ಹಾಕಿದ್ರೆ ಗಾಡಿ ಯಾವತ್ತೂ ಟೈಮಿಗೆ ಹೋಗಲ್ಲ."

ಇಟಲಿಗೆ ಈ ಮಾತು ಅಕ್ಷರಶಃ ಒಪ್ಪುತ್ತದೆ. ಅಲ್ಲಿನ ಆಟೋಸ್ಟ್ರಾಡಾಗಳಲ್ಲಿ ವೇಗದ ಮಿತಿ ಗಂಟೆಗೆ 130 ಕಿ.ಮೀ., ಮಳೆ ಬಂದರೆ 110. ಮಿಲಾನ್‌ನಿಂದ ನೇಪಲ್ಸ್‌ವರೆಗೆ ಸುಮಾರು 760 ಕಿ.ಮೀ. ಉದ್ದದ ಎ1 ಹೆದ್ದಾರಿ 1964ರಲ್ಲೇ ಪೂರ್ತಿಯಾಗಿದ್ದು. ಅದರ ಮೇಲೆ ಮ್ಯಾಪ್ ಹೇಳುವ ಸಮಯ ಬಹುತೇಕ ಸರಿ. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಇಳಿದರೆ ಮಿತಿ 90, ಊರೊಳಗೆ 50. ಅದೂ ಬೋರ್ಡಿನ ಮೇಲೆ. ಗುಡ್ಡ, ತಿರುವು, ಮುಂದೊಂದು ಟ್ರ್ಯಾಕ್ಟರ್ ಇದ್ದರೆ 40 ದಾಟೋದೂ ಕಷ್ಟ.

ರೋಮ್‌ನಿಂದ ಟಸ್ಕನಿಯ ಪಿಯೆಂಜಾ ಎಂಬ ಪುಟ್ಟ ಊರಿಗೆ ಸುಮಾರು 180 ಕಿ.ಮೀ. ಮ್ಯಾಪ್ ಪ್ರಕಾರ ಎರಡೂವರೆ ಗಂಟೆ. ಅಪ್ಪ ಪೆನ್ನು ತಗೊಂಡು ಪಕ್ಕದಲ್ಲೇ ಬರೆದರು: ಬಾಡಿಗೆ ಕಾರಿನ ಗೀರು ನೋಡಿ, ಫೋಟೊ ತೆಗೆದು, ಎಡಗಡೆ ಸ್ಟೇರಿಂಗ್ ಅಭ್ಯಾಸ ಆಗಿ, ಊರು ದಾಟೋಕೆ ಅರ್ಧ ಗಂಟೆ. ಅಮ್ಮನ ಮಂಡಿಗೆ ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಬೇಕು, ಅದಕ್ಕೆ 20 ನಿಮಿಷ. ಪಾರ್ಕಿಂಗ್ ಹುಡುಕಿ, ಬ್ಯಾಗ್ ಎಳ್ಕೊಂಡು ಕೋಣೆ ಮುಟ್ಟೋಕೆ ಇನ್ನೊಂದು ಅರ್ಧ ಗಂಟೆ. ಒಟ್ಟು ಹತ್ತಿರ ಹತ್ತಿರ ನಾಲ್ಕು. "ಪ್ರಯಾಣ ಅಂದ್ರೆ ಮನೆ ಬೀಗ ಹಾಕಿದ್ದರಿಂದ ಹಿಡಿದು ಅಲ್ಲಿ ಹೋಗಿ ಚಪ್ಪಲಿ ಬಿಡೋವರೆಗೆ" ಅನ್ನೋದು ಅವರ ವ್ಯಾಖ್ಯಾನ.

ಹೋದಾಗ ಆಗಿದ್ದೂ ಹಾಗೇ. ಹೆದ್ದಾರಿಯ ನೂರೈವತ್ತು ಚಿಲ್ಲರೆ ಕಿಲೋಮೀಟರ್ ಸರಾಗವಾಗಿ ಕಳೆಯಿತು. ಕಿಯೂಸಿ ಹತ್ತಿರ ಕೆಳಗಿಳಿದು ಮೊಂಟೆಪುಲ್ಚಾನೋ ಮೇಲೆ ಹೋಗುವ ಕೊನೆಯ ನಲವತ್ತರ ಹತ್ತಿರದ ಕಿಲೋಮೀಟರಿಗೆ ಮುಕ್ಕಾಲು ಗಂಟೆಗಿಂತ ಹೆಚ್ಚೇ ಹಿಡಿಯಿತು. ಅಲ್ಲಿನ ಬಹಳಷ್ಟು ಹೋಟೆಲುಗಳಲ್ಲಿ ಅಡುಗೆಮನೆ ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮುಚ್ಚಿದರೆ ಮತ್ತೆ ತೆರೆಯೋದು ಸಂಜೆ ಏಳರ ಮೇಲೆ. ಇನ್ಸುಲಿನ್ ತಗೊಳ್ಳೋರಿಗೆ ಇದು ಸಣ್ಣ ವಿಷಯ ಅಲ್ಲ. ಹೆದ್ದಾರಿ ಬದಿಯ ವಿಶ್ರಾಂತಿ ತಾಣಗಳಲ್ಲಿ ಮಾತ್ರ ಯಾವ ಹೊತ್ತಿಗೂ ತಿನ್ನೋಕೆ ಏನಾದರೂ ಸಿಗುತ್ತದೆ. ಹಾಗಾಗಿ ಶೀಟಿನಲ್ಲಿ ಪ್ರತಿದಿನಕ್ಕೂ "ಒಂದು ಗಂಟೆಗೆ ಎಲ್ಲಿರುತ್ತೇವೆ?" ಅಂತ ಹೊಸ ಕಾಲಮ್ ಸೇರಿಸಿದ್ದೆ. ಉತ್ತರ ಇಲ್ಲದ ದಿನದ ರೂಟ್ ಬದಲಾಯಿಸಿದೆವು.

ಈ ಕಾಲಮ್‌ಗೆ ಮೊದಲು ಬಲಿಯಾಗಿದ್ದು ಅಮಾಲ್ಫಿ ಕರಾವಳಿಯ ಡ್ರೈವ್. ಪೊಸಿಟಾನೊದಿಂದ ಅಮಾಲ್ಫಿಗೆ ಹದಿನೇಳು ಕಿ.ಮೀ. ಅಷ್ಟೇ, ಆದರೆ ಕಡಿಮೆ ಅಂದರೂ 40 ನಿಮಿಷ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸಮುದ್ರ, ಎದುರಿಗೆ ಬಸ್ಸು. ಜನಜಂಗುಳಿಯ ದಿನಗಳಲ್ಲಿ ನಂಬರ್ ಪ್ಲೇಟ್‌ನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ಗಾಡಿ ಬಿಡುವ ನಿಯಮವೂ ಇದೆ. ನನ್ನ ಹೆಂಡತಿಗೆ ಆ ರಸ್ತೆಯೇ ಇಡೀ ಟ್ರಿಪ್ಪಿನ ಆಕರ್ಷಣೆ. ಎರಡು ದಿನ ಮನೆಯಲ್ಲಿ ಮಾತುಕತೆ ಬಿಗಿಯಾಗಿತ್ತು. ಕೊನೆಗೆ ದಾರಿ ಹುಡುಕಿದ್ದು ಅವಳೇ: ಕಾರು ತಗೊಳ್ಳುವ ಮುಂಚೆ ರೋಮ್‌ನಿಂದ ಸಲೆರ್ನೊಗೆ ರೈಲು, ಸುಮಾರು ಎರಡು ಗಂಟೆ, ಅಲ್ಲಿಂದ ಅಮಾಲ್ಫಿಗೆ ದೋಣಿ, 35 ನಿಮಿಷ. ಅಮ್ಮ ದೋಣಿಯಲ್ಲಿ ಕೂತು ಮೇಲಿನ ರಸ್ತೆ ನೋಡಿ, "ಅಲ್ಲಿ ಹೋಗ್ಬೇಕು ಅಂತಿದ್ರಾ ನೀವು?" ಅಂತ ಕೇಳಿದರು.

ಸಿಯೆನಾದಿಂದ ಫ್ಲಾರೆನ್ಸ್‌ಗೆ ಎರಡು ದಾರಿ. ಚತುಷ್ಪಥ ರಸ್ತೆಯಲ್ಲಿ ಒಂದೂಕಾಲು ಗಂಟೆ. ದ್ರಾಕ್ಷಿತೋಟಗಳ ನಡುವೆ ಹಾದುಹೋಗುವ ಕಿಯಾಂತಿಜಾನಾ ರಸ್ತೆಯಲ್ಲಿ ಸುಮಾರು ಅಷ್ಟೇ ದೂರಕ್ಕೆ ಎರಡು ಗಂಟೆ. ಆ ದಿನ ಬೇರೇನೂ ಕೆಲಸ ಇಟ್ಟುಕೊಂಡಿರಲಿಲ್ಲ, ಊಟಕ್ಕೆ ಕಾಸ್ಟೆಲಿನಾ ಅಂತ ಗೊತ್ತಿತ್ತು. ಎರಡನೆಯದನ್ನೇ ಹಿಡಿದೆವು. ಮೊದಲ ಮೂರು ದಿನ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕ್ ಒತ್ತುತ್ತಿದ್ದ ಅಪ್ಪ, ಊಟ ಆದ ಮೇಲೆ ಆ ತಿರುವುಗಳಲ್ಲೇ ನಿದ್ದೆ ಹೋದರು. ನಾನು ಹಾಡಿನ ಸೌಂಡ್ ಕಡಿಮೆ ಮಾಡಿ, ಇನ್ನೂ ಸ್ವಲ್ಪ ನಿಧಾನವಾಗಿ ಓಡಿಸಿದೆ.

ಫ್ಲಾರೆನ್ಸ್ ಒಳಗೆ ಕಾರು ಒಯ್ಯಲಿಲ್ಲ. ಇಟಲಿಯ ಹಳೆಯ ಊರುಗಳ ಮಧ್ಯಭಾಗಕ್ಕೆ ಪರವಾನಗಿ ಇಲ್ಲದ ವಾಹನ ಹೋಗುವಂತಿಲ್ಲ. ಇದಕ್ಕೆ ಜ಼ೆಡ್‌ಟಿಎಲ್ ಅಂತಾರೆ. ಪೊಲೀಸರು ತಡೆಯಲ್ಲ, ಕ್ಯಾಮೆರಾ ಫೋಟೊ ತೆಗೆಯುತ್ತೆ, ತಿಂಗಳುಗಳ ನಂತರ ದಂಡದ ಪತ್ರ ಬರುತ್ತೆ. ಎ1ನಿಂದಲೇ ನೇರ ಪ್ರವೇಶ ಇರುವ ವಿಲ್ಲಾ ಕೊಸ್ಟಾಂಜಾ ಪಾರ್ಕಿಂಗ್‌ನಲ್ಲಿ ಗಾಡಿ ಬಿಟ್ಟು, ಅಲ್ಲಿಂದ ಟ್ರಾಮ್ ಹತ್ತಿದರೆ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಊರು.

ಕೊನೆಯ ದಿನ ಫ್ಲಾರೆನ್ಸ್‌ನಿಂದ ರೋಮ್ ವಿಮಾನ ನಿಲ್ದಾಣಕ್ಕೆ ಸುಮಾರು 300 ಕಿ.ಮೀ. ಮ್ಯಾಪ್ ಹೇಳಿದ್ದು ಮೂರು ಗಂಟೆ ಇಪ್ಪತ್ತು ನಿಮಿಷ, ವಿಮಾನ ರಾತ್ರಿ ಎಂಟೂವರೆಗೆ. ನಾವು ಬೆಳಿಗ್ಗೆ ಹತ್ತಕ್ಕೇ ಹೊರಟೆವು. ಹನ್ನೆರಡೂ ಕಾಲಿಗೆ ಓರ್ವಿಯೆಟೊ ಹತ್ತಿರ ನಿಲ್ಲಿಸಿದಾಗ ಯಾರಿಗೂ ಹಸಿವಿರಲಿಲ್ಲ. ಆದರೂ ಅಪ್ಪ, "ಮುಂದಿನ ದಾರಿ ಹೇಗಿದೆಯೋ ಗೊತ್ತಿಲ್ಲ, ಇಲ್ಲೇ ಮುಗಿಸೋಣ" ಅಂದರು. ಇನ್ಸುಲಿನ್ ತಗೊಂಡು, ಊಟ ಮಾಡಿ, ಒಂದಕ್ಕೆ ಹೊರಟೆವು. ಅರ್ಧ ಗಂಟೆಯೊಳಗೆ ಮುಂದೆ ಎಲ್ಲೋ ಅಪಘಾತ. ಒಂದು ಗಂಟೆ ಹತ್ತು ನಿಮಿಷ ಗಾಡಿ ಅಲುಗಲಿಲ್ಲ. ಹಿಂದೆ ಮುಂದೆ ಲಾರಿ, ಇಳಿಯುವ ದಾರಿಯೂ ಇಲ್ಲ. ಅಪ್ಪ ಮೀಟರ್ ತೆಗೆದು ಬೆರಳು ಚುಚ್ಚಿ ನೋಡಿದರು: 142. ನನ್ನ ಕಡೆ ತಿರುಗಿಸಿ ತೋರಿಸಿದರು, ಏನೂ ಹೇಳಲಿಲ್ಲ. ಅಮ್ಮ ಹಿಂದಿನಿಂದ ಕೋಡುಬಳೆ ಡಬ್ಬಿ ಮುಂದಕ್ಕೆ ಕೊಟ್ಟರು. ಪೆಟ್ರೋಲ್ ತುಂಬಿಸಿ ಕಾರು ಒಪ್ಪಿಸಿದಾಗ ಗಂಟೆ ನಾಲ್ಕೂ ಹತ್ತು.

ನೀವೂ ಹೋಗೋದಾದರೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಹೆದ್ದಾರಿ ಸಮಯಕ್ಕೆ ಕಾಲು ಭಾಗ ಸೇರಿಸಿ, ಗುಡ್ಡದ ರಸ್ತೆಗೆ ಅರ್ಧ ಭಾಗ. ದಿನಕ್ಕೆ ಒಂದೇ ಊರು ಬದಲಾಯಿಸಿ. ಮನೆಯ ಹಿರಿಯರು ಜೊತೆಗಿದ್ದರೆ ಶೀಟಿನ ಮೊದಲ ಕಾಲಮ್‌ನಲ್ಲಿ ಅವರ ಊಟದ ಹೊತ್ತು ಬರೆದುಕೊಳ್ಳಿ. ಊರಿನ ಹೆಸರು ಆಮೇಲೆ ತುಂಬಿದರಾಯಿತು.