ಬೆಸುಗೆಯ ಯಂತ್ರ, ಬೆಳಕಿನ ಯಂತ್ರ

ಅಕ್ಕಲಕೋಟೆ ಸೀಮೆಯ ಈ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಬೆಸುಗೆಯ ಕಸುಬು ಹಿಡಿದವನು ನಾನು. ಕಳೆದ ಬೇಸಿಗೆಯಲ್ಲಿ ಸುವರ್ಣ ಮಹೋತ್ಸವದ ರಂಗಮಂಟಪಕ್ಕೆ ಕಬ್ಬಿಣದ ಕೈಂಚಿ ಬೆಸೆಯುವ ಸೇವೆ ನನ್ನ ಪಾಲಿಗೆ ಬಂದಿತು. ನನ್ನದು ಡೀಸೆಲ್ ಎಂಜಿನ್ನಿನ ವೆಲ್ಡಿಂಗ್ ಸೆಟ್. ಅದರ ಮಗ್ಗುಲಲ್ಲಿ 230 ವೋಲ್ಟಿನ ಸಾಕೆಟ್ಟೂ ಉಂಟು. ಗ್ರೈಂಡರು, ದೀಪಗಳು ಅದರಿಂದಲೇ ನಡೆಯುತ್ತವೆ. ನನ್ನ ಸೆಟ್ಟಿನ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಮಾತ್ರ 50 ಹರ್ಟ್ಸಿನ ಸರಿಯಾದ ವಿದ್ಯುತ್ತು. ಡೀಸೆಲ್ ಉಳಿಸಲೆಂದು ವೇಗ ತಗ್ಗಿಸಿ ಒಮ್ಮೆ ಗ್ರೈಂಡರನ್ನು ಸುಟ್ಟುಕೊಂಡ ಜಾಣನೂ ನಾನೇ.

ಒಂದು ಸಂಜೆ ಮಕ್ಕಳ ನಾಟಕದ ತಾಲೀಮು ನಡೆದಿರಲು ಊರಿನ ಕರೆಂಟು ಹೋಯಿತು.

"ಒಂದ್ ವೈರ್ ಸಾಲಿ ಬೋರ್ಡಿಗೆ ಕೊಡಪಾ" ಎಂದರು ಗುರುಗಳು.

ಅವರ ಮಾತು ಮೀರಿದವನಲ್ಲ. ವೈರಿನ ತುದಿ ಸುಲಿದು ಬೋರ್ಡಿನ ಮುಚ್ಚಳ ಬಿಚ್ಚಿದ್ದೆ. ಕಿಟಕಿಯಾಚೆ ಕಂಬದ ಮೇಲೆ ಬ್ಯಾಟರಿಯ ಬೆಳಕೊಂದು ಅಲುಗಿತು. ಲೈನ್‌ಮನ್, ನನ್ನ ಬೆಂಚಿನ ಗೆಳೆಯ. ನನ್ನ ಕೈ ತಣ್ಣಗಾಯಿತು. ಶಾಲೆಯ ತಂತಿಗೆ ಕೊಟ್ಟ 230 ವೋಲ್ಟು ಹಿಮ್ಮುಖವಾಗಿ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಾಗಿ ಅವನ ಕೈಯನ್ನೇ ಮುಟ್ಟಬಹುದಿತ್ತು.

"ಬ್ಯಾಡ್ರಿ ಗುರುಗಳೇ, ಕಂಬದ ಮ್ಯಾಲ ಮನಷಾ ಅದಾನ್ರಿ."

ಸೆಟ್ಟನ್ನು ಅಂಗಳದಲ್ಲೇ ಇಟ್ಟು (ಅದರ ಹೊಗೆ ಮಕ್ಕಳಿದ್ದ ಕೋಣೆಗೆ ಬರಬಾರದಷ್ಟೆ) ಬೇರೆ ವೈರಿನಲ್ಲಿ ನಾಲ್ಕು ದೀಪ ಹೊತ್ತಿಸಿದೆ. ಅಷ್ಟು ಹೊತ್ತು ಬೆಸುಗೆ ನಿಲ್ಲಿಸಿದೆ. ಎರಡಕ್ಕೂ ಎಂಜಿನ್ ಒಂದೇ, ಕಡ್ಡಿ ಮುಟ್ಟಿಸಿದೊಡನೆ ದೀಪ ಮಂಕಾಗುತ್ತದೆ.

ತಾಲೀಮು ಮುಗಿಯುವ ಮೊದಲೇ ಗೆಳೆಯ ಕಂಬ ಇಳಿದು ಬಂದು, ಮುಂದಿನ ಸಾಲಿನಲ್ಲಿ ಕುಳಿತು ಚಹಾ ಕೇಳಿದ. ನಾನು ಅವನಿಗೆ ಏನೂ ಹೇಳಲಿಲ್ಲ. ಈ ಸಂಚಿಕೆಯಲ್ಲಿಯೇ ಓದಿಕೊಳ್ಳಲಿ.